ಮೇಷ್ಟ್ರನ್ನು ಕೇಳಿ: ಒಟ್ಟೋಮನ್ ಸಾಮ್ರಾಜ್ಯ ಒಡೆದು ದೇಶಗಳಾದದ್ದು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಮ್ಮ ಜೊತೆ ಇತಿಹಾಸದ ಮೇಷ್ಟ್ರು ಇದ್ದಾರೆ. ಪದವಿ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ವಿಷಯ: ತುರ್ಕಿ ಸುಲ್ತಾನರು ಇಸ್ತಾಂಬುಲ್‌ನಿಂದ ಆಳುತ್ತಿದ್ದ ಒಟ್ಟೋಮನ್ ಸಾಮ್ರಾಜ್ಯ ಕುಸಿದು ಗ್ರೀಸ್, ಸರ್ಬಿಯಾ, ಬಲ್ಗೇರಿಯಾ, ತುರ್ಕಿ ಮುಂತಾದ ದೇಶಗಳು ಹುಟ್ಟಿದ್ದು. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕೆಎಎಸ್ ಕನಸು: ನಮಸ್ತೆ ಸರ್. ‘ಒಟ್ಟೋಮನ್ ಪತನಕ್ಕೆ ಕಾರಣಗಳು’, 10 ಅಂಕದ ಉತ್ತರ ಬರೆದುಕೊಡ್ತೀರಾ?

ಮೇಷ್ಟ್ರು: ಇಲ್ಲ. ನೀವು ಬರೆದು ತನ್ನಿ, ತಿದ್ದಿಕೊಡ್ತೇನೆ.

ನಿವೃತ್ತ ಬ್ಯಾಂಕಿನವ: ಸರ್, ಸಾಲ ಮಾಡಿಯೇ ಮುಳುಗಿದ್ರು ಅಂತ ಎಲ್ಲೋ ಓದಿದ ನೆನಪು. ಹೌದೇ?

ಮೇಷ್ಟ್ರು: ಸಾಲವೊಂದೇ ಮುಳುಗಿಸಲಿಲ್ಲ, ಆದರೆ ಕೈಕಾಲು ಕಟ್ಟಿಹಾಕಿತು. ರಷ್ಯಾ ವಿರುದ್ಧದ ಕ್ರಿಮಿಯಾ ಯುದ್ಧದ ಖರ್ಚಿಗೆಂದು 1854ರಲ್ಲಿ ಮೊದಲ ವಿದೇಶಿ ಸಾಲ. 1875ರ ಹೊತ್ತಿಗೆ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿದರು. 1881ರಲ್ಲಿ ಸಾಲ ಕೊಟ್ಟವರ ಪ್ರತಿನಿಧಿಗಳೇ ಇಸ್ತಾಂಬುಲ್‌ನಲ್ಲಿ ಕಚೇರಿ ಹಾಕಿ ಕೂತು ಉಪ್ಪು, ರೇಷ್ಮೆ, ಮದ್ಯ, ಸ್ಟಾಂಪು, ಮೀನಿನ ತೆರಿಗೆಯನ್ನು ತಾವೇ ವಸೂಲು ಮಾಡತೊಡಗಿದರು. ನಿಮ್ಮ ಭಾಷೆಯಲ್ಲಿ ಜಪ್ತಿ ಅನ್ನಿ.

ನಿವೃತ್ತ ಬ್ಯಾಂಕಿನವ: ಆಹಾ. ಮನೆ ಸಾಲಗಾರನದೇ, ಬಾಡಿಗೆ ಮಾತ್ರ ಬ್ಯಾಂಕಿಗೆ!

ಹುಬ್ಬಳ್ಳಿ ಹೈದ: ಸರ, ಇದೊಂದು ಬಂದೈತಿ ನೋಡ್ರಿ. ‘ಲೋಜಾನ್ ಒಪ್ಪಂದ ನೂರೇ ವರ್ಷಕ್ಕ ಮಾಡಿದ್ದು, 2023ಕ್ಕ ಮುಗೀತು, ಇನ್ನ ತುರ್ಕಿ ತನ್ನ ಎಣ್ಣೆ ತಾನ ತಗೀಬಹುದು, ಹಳೇ ಸಾಮ್ರಾಜ್ಯ ಮತ್ತ ಬರ್ತೈತಿ.’ ಖರೇನ?

ಮೇಷ್ಟ್ರು: ಸುಳ್ಳು. ಮೊದಲ ಮಹಾಯುದ್ಧದ ನಂತರ ತುರ್ಕಿಯ ಗಡಿ ಗೊತ್ತುಮಾಡಿ, ಸ್ವಿಟ್ಜರ್ಲೆಂಡಿನ ಲೋಜಾನ್‌ನಲ್ಲಿ 1923ರ ಜುಲೈ 24ರಂದು ಸಹಿಯಾದ ಆ ಒಪ್ಪಂದದಲ್ಲಿ 143 ಕಲಮುಗಳಿವೆ. ಒಂದರಲ್ಲೂ ನೂರು ವರ್ಷದ ಗಡುವಿಲ್ಲ, ಗುಟ್ಟಿನ ಕಲಮು ಯಾವುದೂ ಇಲ್ಲ. ಎಣ್ಣೆಯನ್ನು ತುರ್ಕಿ ಬಾಟ್ಮನ್ ಸೀಮೆಯಲ್ಲಿ 1940ರ ದಶಕದಿಂದಲೇ ತೆಗೆಯುತ್ತಿದೆ. ದಯವಿಟ್ಟು ಇದನ್ನು ಇಲ್ಲಿಗೇ ನಿಲ್ಲಿಸಿ, ಮುಂದೆ ಕಳಿಸಬೇಡಿ.

ಗಡಿಯವ: ಸರ್, ಐನೂರು ವರ್ಷ ಗುಲಾಮಗಿರಿಯಲ್ಲಿದ್ದ ರಾಷ್ಟ್ರಗಳು ಒಂದೊಂದಾಗಿ ಎಚ್ಚೆತ್ತು ಬಿಡುಗಡೆಯಾದವು. ಸರಳವಾಗಿ ಹೀಗೆ ಹೇಳಬಹುದಲ್ವಾ?

ಮೇಷ್ಟ್ರು: ಆಯಾ ದೇಶದ ಶಾಲಾ ಪಠ್ಯದಲ್ಲಿ ಹಾಗೇ ಇದೆ. ನನಗೆ ಒಪ್ಪಿಗೆಯಿಲ್ಲ. ಸರ್ಬಿಯಾದಲ್ಲಿ 1804ರ ದಂಗೆ, ಗ್ರೀಸಿನಲ್ಲಿ 1821ರ ದಂಗೆ, ಎಲ್ಲಾ ನಿಜ. ಆದರೆ ಗ್ರೀಸ್, ಬಲ್ಗೇರಿಯಾ ನಡುವಿನ ಮ್ಯಾಸೆಡೋನಿಯಾ ಸೀಮೆಯ ರೈತನನ್ನು ‘ನೀನು ಯಾರಪ್ಪಾ’ ಅಂದರೆ ‘ಕ್ರಿಶ್ಚಿಯನ್’ ಅನ್ನುತ್ತಿದ್ದ, ಅಷ್ಟೇ. ಸುಲ್ತಾನನ ದಫ್ತರದಲ್ಲಿ ಪ್ರಜೆಗಳ ಲೆಕ್ಕ ಮತದ ಪ್ರಕಾರ. ಆ ಗುಂಪಿಗೆ ‘ಮಿಲ್ಲೆತ್’ ಎಂದು ಹೆಸರು. ಗ್ರೀಕ್, ಬಲ್ಗೇರಿಯನ್, ಸರ್ಬಿಯನ್ ಆಡುವ ಆರ್ಥೊಡಾಕ್ಸ್ ಕ್ರೈಸ್ತರೆಲ್ಲ ಒಂದೇ ಮಿಲ್ಲೆತ್. 1870ರಲ್ಲಿ ಸುಲ್ತಾನ ಬಲ್ಗೇರಿಯನ್ನರಿಗೆ ಪ್ರತ್ಯೇಕ ಚರ್ಚಿನ ಫರ್ಮಾನು ಕೊಟ್ಟ. ಅದರಲ್ಲೊಂದು ಕಲಮು: ಬೇರೆ ಜಿಲ್ಲೆಗಳಲ್ಲೂ ಮೂರರಲ್ಲಿ ಎರಡು ಪಾಲು ಜನ ಬಯಸಿದರೆ ಹೊಸ ಚರ್ಚಿಗೆ ಸೇರಬಹುದು. ಶುರುವಾಯಿತು ನೋಡಿ. ಗ್ರೀಕ್, ಬಲ್ಗೇರಿಯನ್ ಎರಡೂ ಕಡೆಯಿಂದ ಪಾದ್ರಿಗಳು ಬಂದರು, ಮೇಷ್ಟ್ರುಗಳು ಬಂದರು, ಸಾಲದ್ದಕ್ಕೆ ಬಂದೂಕಿನ ತಂಡಗಳೂ ಬಂದವು. ಒಂದೇ ಮನೆಯಲ್ಲಿ ಅಣ್ಣ ‘ಗ್ರೀಕ’, ತಮ್ಮ ‘ಬಲ್ಗೇರಿಯನ್’ ಆದದ್ದುಂಟು. ಅಡುಗೆಮನೆಯಲ್ಲಿ ಇಬ್ಬರ ಮಾತೂ ಒಂದೇ. ಆ ಊರುಗಳಿಗೆ ಮೊದಲು ಮೇಷ್ಟ್ರು ಬಂದ, ಜನಾಂಗ ಆಮೇಲೆ ಬಂತು. ನಮ್ಮ ವೃತ್ತಿಯ ಪಾಪ, ಒಪ್ಪಿಕೊಳ್ತೇನೆ.

ಗಡಿಯವ: ಹಾಗಾದ್ರೆ ರಾಷ್ಟ್ರಗಳೆಲ್ಲ ಸುಳ್ಳೇ?

ಮೇಷ್ಟ್ರು: ಹಾಗಂದೆನಾ? ಮನುಷ್ಯರು ಕಟ್ಟಿದ್ದು ಅಂದೆ. ಮನೆಯನ್ನೂ ಮನುಷ್ಯರೇ ಕಟ್ಟೋದು, ಮನೆ ಸುಳ್ಳಾಗುತ್ತಾ?

ಸ್ಟುಟ್‌ಗಾರ್ಟ್ ಕನ್ನಡತಿ: ಸರ್, ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಜೊತೆಗೆ ಕೆಲಸ ಮಾಡುವವಳು ಗ್ರೀಸಿನ ಥೆಸಲೊನೀಕಿಯವಳು. ಅವಳ ಮುತ್ತಜ್ಜಿ 1924ರಲ್ಲಿ ತುರ್ಕಿಯ ಕೈಸೇರಿ ಕಡೆಯಿಂದ ಬಂದವರಂತೆ. ಮನೆಯಲ್ಲಿ ಆ ಮುತ್ತಜ್ಜಿಯ ಪ್ರಾರ್ಥನೆ ಪುಸ್ತಕ ಒಂದಿದೆ. ಅಕ್ಷರ ಗ್ರೀಕ್, ಆದರೆ ಗ್ರೀಕ್ ಓದಲು ಬರುವ ಇವಳಿಗೇ ಒಂದು ಪದವೂ ಅರ್ಥವಾಗಲ್ಲ. ಮಂತ್ರ ಇರಬೇಕು ಅಂತ ಮನೆಯವರು ಎತ್ತಿಟ್ಟಿದ್ದಾರೆ. ಮೊದಲ ಪುಟದಲ್ಲಿ ಕೈಬರಹ ಇದೆ. ಅವಳು ಓದಿದ್ದನ್ನು ಕೇಳಿ ಬರೆದುಕೊಂಡೆ: ‘ಬು ಕಿತಾಪ್’, ಆಮೇಲೆ ಮುತ್ತಜ್ಜಿಯ ಹೆಸರು, ಹೆಸರಿನ ಬಾಲಕ್ಕೆ ‘ನಿನ್‌ದಿರ್’, ಕೆಳಗೆ ‘ಸೆನೆ 1911’. ಏನಿದು?

ಮೇಷ್ಟ್ರು: ಅಮ್ಮಾ, ಇವತ್ತಿನ ಭಾನುವಾರ ಸಾರ್ಥಕವಾಯ್ತು. ಅದು ಮಂತ್ರವಲ್ಲ. ಗ್ರೀಕ್ ಲಿಪಿಯಲ್ಲಿ ಬರೆದ ತುರ್ಕಿ ಭಾಷೆ. ‘ಬು’ ಅಂದರೆ ಈ. ‘ಕಿತಾಪ್’ ನಮ್ಮ ಕಿತಾಬೇ. ‘ನಿನ್’ ಷಷ್ಠಿ, ನಮ್ಮ ಹಾಗೆ ಅವರೂ ಹೆಸರಿನ ಹಿಂದೆ ಪ್ರತ್ಯಯ ಹಚ್ಚುವವರು. ‘ದಿರ್’ ಅಂದರೆ ಆಗಿದೆ. ‘ಈ ಪುಸ್ತಕ ಇಂಥವಳದು.’ ಇನ್ನು ‘ಸೆನೆ’ ಅರಬ್ಬಿಯಿಂದ ಬಂದದ್ದು. ಹಳೇ ಪಹಣಿ, ಕ್ರಯಪತ್ರಗಳಲ್ಲಿ ‘ಸನ್ 1911ನೇ ಇಸವಿ’ ಅಂತ ಬರೀತಿದ್ರಲ್ಲ, ಆ ಸನ್ನೇ ಇದು. ಶಾಲೆಯ ಹುಡುಗಿಯೊಬ್ಬಳು ತನ್ನ ಪುಸ್ತಕದ ಮೇಲೆ ಹೆಸರು ಬರೆದುಕೊಂಡಿದ್ದಾಳೆ, ಅಷ್ಟೇ.

ಈ ಜನರನ್ನು ಕರಮಾನ್ಲಿಗಳು ಅಂತಾರೆ. ಕೈಸೇರಿ, ನೀದೆ, ನೆವ್‌ಶೆಹಿರ್ ಸೀಮೆಯ ಆರ್ಥೊಡಾಕ್ಸ್ ಕ್ರೈಸ್ತರು. ಮನೆಮಾತು ತುರ್ಕಿ, ಲಿಪಿ ಕಲಿತದ್ದು ಚರ್ಚಿನಿಂದ, ಹಾಗಾಗಿ ಗ್ರೀಕ್. ಇಸ್ತಾಂಬುಲ್‌ನಲ್ಲಿ ಇಂಥ ಪುಸ್ತಕಗಳು ನೂರಾರು ಅಚ್ಚಾಗಿವೆ, ಪತ್ರಿಕೆಗಳೂ ಇದ್ದವು.

1922ರಲ್ಲಿ ಗ್ರೀಕ್ ಸೈನ್ಯ ಅನತೋಲಿಯಾದಲ್ಲಿ, ಅಂದರೆ ತುರ್ಕಿಯ ಏಷ್ಯಾ ಭಾಗದಲ್ಲಿ, ಸೋತಿತು, ಸ್ಮಿರ್ನಾ (ಇಂದಿನ ಇಜ್ಮಿರ್) ಬಂದರು ಹೊತ್ತಿ ಉರಿಯಿತು, ಲಕ್ಷಾಂತರ ಜನ ಕಡಲು ದಾಟಿ ಓಡಿದರು. 1923ರ ಜನವರಿ 30ರಂದು ಲೋಜಾನ್‌ನಲ್ಲಿ ಗ್ರೀಸ್ ಮತ್ತು ತುರ್ಕಿ ಜನರನ್ನೇ ಅದಲುಬದಲು ಮಾಡಿಕೊಳ್ಳುವ ಕರಾರಿಗೆ ಸಹಿ ಹಾಕಿದವು. ನಾನು ಮೇಲೆ ಹೇಳಿದ ಮುಖ್ಯ ಒಪ್ಪಂದ ಆಮೇಲೆ, ಜುಲೈನಲ್ಲಿ ಬಂದದ್ದು. ಈ ಕರಾರು ಕಡ್ಡಾಯ; ‘ಹೋಗ್ತೀಯಾ’ ಅಂತ ಯಾರನ್ನೂ ಕೇಳಲಿಲ್ಲ. ಯಾರು ಗ್ರೀಕ, ಯಾರು ತುರ್ಕ ಅಂತ ತೀರ್ಮಾನಿಸಿದ್ದು ಹೇಗೆ? ಭಾಷೆಯಿಂದಲ್ಲ, ಮತದಿಂದ. ಹೊಸ ರಾಷ್ಟ್ರಗಳು ತಾವು ಅಳಿಸಿದ ಸಾಮ್ರಾಜ್ಯದ ಹಳೇ ಮಿಲ್ಲೆತ್ ಪಟ್ಟಿಯನ್ನೇ ಹಿಡಿದು ಪ್ರಜೆಗಳನ್ನು ವಿಂಗಡಿಸಿದವು. ಒಟ್ಟು ಲೆಕ್ಕದಲ್ಲಿ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ, ನಾಲ್ಕು ಲಕ್ಷದ ಹತ್ತಿರ ಮುಸ್ಲಿಮರು ತುರ್ಕಿಗೆ. ಇಸ್ತಾಂಬುಲ್‌ನ ಗ್ರೀಕರಿಗೆ, ಗ್ರೀಸಿನ ಪಶ್ಚಿಮ ಥ್ರೇಸ್ ಸೀಮೆಯ ಮುಸ್ಲಿಮರಿಗೆ ವಿನಾಯಿತಿ.

ನಿಮ್ಮ ಗೆಳತಿಯ ಮುತ್ತಜ್ಜಿಯ ಸೀಮೆಯಲ್ಲಿ ಯುದ್ಧವೇ ಮುಟ್ಟಿರಲಿಲ್ಲ. 1924ರಲ್ಲಿ ಗಂಟುಮೂಟೆ ಕಟ್ಟಿಸಿ, ಹೆಚ್ಚಿನವರನ್ನು ಮೆರ್ಸಿನ್ ಬಂದರಿನಿಂದ ಹಡಗು ಹತ್ತಿಸಿದರು. ಗ್ರೀಸಿಗೆ ಇಳಿದರೆ ಅಲ್ಲಿಯ ಭಾಷೆ ಬಾರದು. ಊರವರು ಅವರನ್ನು ‘ತುರ್ಕೋಸ್ಪೊರಿ’, ಅಂದರೆ ತುರ್ಕರ ಬೀಜ, ಅಂತ ಹಂಗಿಸಿದರು. ಆಚೆ ದಡದಲ್ಲಿ ಕ್ರೀಟ್ ದ್ವೀಪದಿಂದ ಬಂದ ಮುಸ್ಲಿಮರು. ಅವರಿಗೆ ಬರುತ್ತಿದ್ದದ್ದು ಗ್ರೀಕ್ ಮಾತ್ರ. ಅವರಿಗೆ ತುರ್ಕಿಯಲ್ಲಿ ಸಿಕ್ಕ ಹೆಸರು ‘ಯಾರಿಮ್ ಗಾವುರ್’, ಅರ್ಧ ಕಾಫಿರ. ಮೊಮ್ಮಕ್ಕಳಿಗೆ ಈ ಮಾತು ದಾಟಿಸುವುದು ಬೇಡ ಅಂತ ಎಷ್ಟೋ ಮನೆಗಳಲ್ಲಿ ಬಾಯಿ ಕಟ್ಟಿಕೊಂಡರು. ಪುಸ್ತಕ ‘ಮಂತ್ರ’ ಆದದ್ದು ಹೀಗೆ.

ಪುಟಗಳ ಫೋಟೊ ತರಿಸಿ. ಕೊನೆಯ ಪುಟದಲ್ಲೂ ಏನಾದರೂ ಬರೆದಿದೆಯಾ ನೋಡಲು ಹೇಳಿ.

ಕಡಲತಡಿ: ನಮ್ಮ ಕೊಂಕಣಿ ಕಥೆಯೇ ಸರ್. ಮನೆಮಾತು ಕೊಂಕಣಿ, ಬರೆಯೋದು ಕನ್ನಡ ಅಕ್ಷರದಲ್ಲಿ. ಗೋವಾದವರಿಗೆ ಕೊಟ್ಟರೆ ಓದಲು ಬರುವುದಿಲ್ಲ ಮಾರಾಯ್ರೆ.

ಮೇಷ್ಟ್ರು: ಅದೇ, ಅದೇ.

ಬಾಳೆಹೊನ್ನೂರು ಕಾಫಿ: ಸರ್, ತುರ್ಕಿ, ಇರಾಕ್ ಕಡೆಯ ಕುರ್ದರಿಗೆ ಮಾತ್ರ ಯಾಕೆ ದೇಶ ಸಿಗಲಿಲ್ಲ?

ಜೆ.ಸಿ. ನಗರ: ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಹೈಫಾ ಗೆದ್ದು ಇಸ್ರೇಲ್‌ಗೆ ಸ್ವಾತಂತ್ರ್ಯ ಕೊಡಿಸಿದ್ದನ್ನು ಯಾರೂ ಹೇಳೋದೇ ಇಲ್ಲ. ನಮ್ಮ ಏರಿಯಾದಲ್ಲಿ ಸ್ಮಾರಕ ಇದೆ. ಹೆಮ್ಮೆಯ ಕನ್ನಡಿಗರು 🙏

ಮೇಷ್ಟ್ರು: ಹೈಫಾ ಕಾಳಗ 1918ರ ಸೆಪ್ಟೆಂಬರ್ 23. ಮೈಸೂರಿನವರು ಕಾರ್ಮೆಲ್ ಗುಡ್ಡದ ಫಿರಂಗಿಗಳ ಮೇಲೆ ಏರಿದರು, ಜೋಧಪುರದವರು ಊರೊಳಗೆ ನುಗ್ಗಿದರು. ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಇಸ್ರೇಲ್ ಹುಟ್ಟಿದ್ದು 1948ರಲ್ಲಿ. ಇವರು ಗೆದ್ದುಕೊಟ್ಟದ್ದು ಬ್ರಿಟಿಷರಿಗೆ. ಆ ನೆಲವನ್ನು ಬ್ರಿಟನ್, ಫ್ರಾನ್ಸ್ 1916ರಲ್ಲೇ ಗುಟ್ಟಾಗಿ ಹಂಚಿಕೊಂಡಾಗಿತ್ತು.

ಕಾಲೇಜು ರೋಡ್: ಸರ್, ಲೋಜಾನ್ ಒಪ್ಪಂದ 2023ಕ್ಕೆ ಮುಗಿದಿದೆ ಅಂತಾರಲ್ಲ, ನಿಜಾನಾ?

ಮೇಷ್ಟ್ರು: ಮೇಲೆ ಓದಿ.

ನೇರ ಮಾತು: ಜನರ ಅದಲುಬದಲು ಅಂದ್ರಲ್ಲ ಸರ್, ಅದೇ ಸರಿಯಾದ ಪರಿಹಾರ. ಒಂದು ಸಲ ನೋವು, ಆಮೇಲೆ ನೂರು ವರ್ಷ ನೆಮ್ಮದಿ. 1947ರಲ್ಲಿ ಪೂರ್ತಿ ಮಾಡಬೇಕಿತ್ತು. ಅಂಬೇಡ್ಕರರೂ ಇದನ್ನೇ ಹೇಳಿದ್ದಾರೆ, ಫಾರ್ವರ್ಡ್ ಬಂದಿದೆ, ಹಾಕಲಾ?

ಬೆಳಗಾವಿ ಬಸ್ಸು: ನೆಮ್ಮದಿ ಯಾರಿಗ್ರಿ? ನಮ್ಮ ಓಣ್ಯಾಗ ಅರ್ಧ ಮನಿ ಕನ್ನಡ, ಅರ್ಧ ಮನಿ ಮರಾಠಿ. ನಾಳೆ ಯಾವನೋ ಪಟ್ಟಿ ಹಿಡಕೊಂಡು ಬಂದು ‘ಲಾರಿ ಹತ್ರಿ’ ಅಂದ್ರ ನೀವು ಹತ್ತತೀರೇನು?

ನೇರ ಮಾತು: ಭಾಷೆ ಬೇರೆ ಧರ್ಮ ಬೇರೆ. ವಿಷಯಾಂತರ ಮಾಡ್ಬೇಡಿ.

ಬೆಳಗಾವಿ ಬಸ್ಸು: ಲಾರಿಗೆ ಅದು ತಿಳಿಯೂದಿಲ್ಲ.

ಹುಬ್ಬಳ್ಳಿ ಹೈದ: 😂😂

ನೇರ ಮಾತು: ನಗೋದೇನಿದೆ? ಇತಿಹಾಸ ಗೊತ್ತಿಲ್ಲದವರ ಜೊತೆ ವಾದ ಮಾಡೋದೇ ತಪ್ಪು.

ಮೇಷ್ಟ್ರು: ಫಾರ್ವರ್ಡ್ ಹಾಕಬೇಡಿ. ಅಂಬೇಡ್ಕರ್ 1940ರ ದಶಕದಲ್ಲಿ ಪಾಕಿಸ್ತಾನದ ಬೇಡಿಕೆಯನ್ನು ಚರ್ಚಿಸುವಾಗ ತುರ್ಕಿ, ಗ್ರೀಸ್, ಬಲ್ಗೇರಿಯಾದ ಉದಾಹರಣೆ ಕೊಟ್ಟದ್ದು ಹೌದು. ಅದು ಎರಡೂ ಕಡೆಯ ವಾದ ಇಟ್ಟು ಅಳೆದು ಬರೆದ ದೊಡ್ಡ ಬರಹ. ಅದರಿಂದ ಒಂದು ವಾಕ್ಯ ಕತ್ತರಿಸಿ, ಹೂವಿನ ಬಾರ್ಡರ್ ಹಾಕಿ ಹಂಚುವವರ ಮೇಲೆ ನನಗೆ ಗೌರವವಿಲ್ಲ. ‘ಒಂದು ಸಲ ನೋವು’ ಅನ್ನೋ ಲೆಕ್ಕಾಚಾರವೂ ತಪ್ಪು. ವಿನಾಯಿತಿ ಪಡೆದು ಉಳಿದ ಇಸ್ತಾಂಬುಲ್ ಗ್ರೀಕರ ಅಂಗಡಿಗಳನ್ನು 1955ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ ಒಡೆದು ಲೂಟಿ ಮಾಡಿದರು. ಗ್ರೀಕರು, ತುರ್ಕರು ಒಟ್ಟಿಗಿದ್ದ ಸೈಪ್ರಸ್ ದ್ವೀಪ 1974ರಲ್ಲಿ ಎರಡು ಹೋಳಾಯಿತು, ಇವತ್ತಿಗೂ ಹಾಗೇ ಇದೆ. ಎಲ್ಲಿದೆ ನಿಮ್ಮ ನೂರು ವರ್ಷದ ನೆಮ್ಮದಿ?

ನೇರ ಮಾತು: ನೀವೂ ಒಂದು ಪಕ್ಷದ ಪರ ಅಂತ ಗೊತ್ತಾಯ್ತು ಬಿಡಿ.

ಮೇಷ್ಟ್ರು: ಮೂವತ್ತು ವರ್ಷ ಎರಡೂ ಪಕ್ಷದವರಿಂದ ಇದೇ ಮಾತು ಕೇಳಿದ್ದೇನೆ.

ಜೆ.ಸಿ. ನಗರ: ಸರ್, ಟಿಪ್ಪು ಒಟ್ಟೋಮನ್ ಸುಲ್ತಾನನಿಗೆ ರಾಯಭಾರಿಗಳನ್ನು ಕಳಿಸಿದ್ದು ಯಾಕೆ?

ಅಡ್ಮಿನ್: ಈ ಪ್ರಶ್ನೆ ಇವತ್ತು ಬೇಡ. ದಯವಿಟ್ಟು.

ನೇರ ಮಾತು: ಯಾಕೆ ಬೇಡ? ಉತ್ತರ ಕೊಡಲಿ.

ಬೆಳಗಾವಿ ಬಸ್ಸು: ಬಂತ್ ನೋಡ್ರಿ ಲಾರಿ.

*ನೇರ ಮಾತು ಗುಂಪಿನಿಂದ ಹೊರಹೋದರು.*

ಬಾಳೆಹೊನ್ನೂರು ಕಾಫಿ: ಕುರ್ದರ ಪ್ರಶ್ನೆ ಕೇಳಿದ್ದೆ, ಮೇಲೆ ಹೋಗಿಬಿಟ್ಟಿದೆ.

ಕಡಲತಡಿ: ನನಗೆ ಗೊತ್ತಿದ್ದಷ್ಟು: ಮಹಾಯುದ್ಧ ಸೋತ ಒಟ್ಟೋಮನ್ನರ ಜೊತೆ ಗೆದ್ದವರು ಮಾಡಿಕೊಂಡ 1920ರ ಸೆವ್ರ್ ಒಪ್ಪಂದದಲ್ಲಿ ಕುರ್ದರಿಗೆ ಸ್ವಾಯತ್ತತೆಯ ಮಾತಿತ್ತು. ತುರ್ಕಿಯ ನಾಯಕ ಮುಸ್ತಫಾ ಕೆಮಾಲ್‌ನ ಸೈನ್ಯ ಗೆದ್ದ ಮೇಲೆ ಆ ಒಪ್ಪಂದವೇ ಬಿದ್ದುಹೋಯ್ತು. ಲೋಜಾನ್‌ನಲ್ಲಿ ಅವರ ಸುದ್ದಿಯೇ ಇಲ್ಲ. ಉಳಿದದ್ದು ಸರ್ ಹೇಳಲಿ.

ಕಾಲೇಜು ರೋಡ್: ಒಟ್ಟೋಮನ್ ನಾಡಿನ ಅರ್ಮೇನಿಯನ್ ಕ್ರೈಸ್ತರು 1915ರಲ್ಲಿ ಯುದ್ಧದ ಗಲಾಟೆಯಲ್ಲಿ ಸತ್ತದ್ದು, ಕೊಂದದ್ದಲ್ಲ ಅಂತ ಒಂದು ವಿಡಿಯೊದಲ್ಲಿ ಹೇಳ್ತಿದ್ರು ಸರ್.

ಮೇಷ್ಟ್ರು: ಆ ವಿಡಿಯೊ ಅಳಿಸಿ. ಒಟ್ಟೋಮನ್ ಸರ್ಕಾರವೇ ಆಜ್ಞೆ ಹೊರಡಿಸಿ ಊರೂರಿನಿಂದ ಎಬ್ಬಿಸಿ ಸಿರಿಯಾದ ಮರಳುಗಾಡಿನ ಕಡೆ ನಡೆಸಿತು. ಗಂಡಸರನ್ನು ಬೇರ್ಪಡಿಸಿ ಕೊಂದರು, ಉಳಿದವರು ದಾರಿಯಲ್ಲಿ ಹಸಿವು, ರೋಗ, ದಾಳಿಗೆ ಸತ್ತರು. ಇದಕ್ಕೆ ಜನಾಂಗಹತ್ಯೆ ಅಂತಲೇ ಹೆಸರು. ತುರ್ಕಿ ಸರ್ಕಾರ ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ. ಇದರ ಮೇಲೆ ಚರ್ಚೆ ಬೇಡ.

ಕೆಎಎಸ್ ಕನಸು: ಸರ್, ಪಾಯಿಂಟ್ಸ್ ಆದ್ರೂ ಹಾಕಿ ಪ್ಲೀಸ್. ನಾಳೆ ಟೆಸ್ಟ್ ಇದೆ.

ಹುಬ್ಬಳ್ಳಿ ಹೈದ: ಸರ, ಆ ಲೋಜಾನ್ ಫಾರ್ವರ್ಡ್ ಕಳಿಸಿದವ್ರಿಗೆ ನಿಮ್ಮ ಉತ್ತರ ತೋರಿಸಿದೆ. ‘ಅವ್ರಿಗೆ ಏನು ಗೊತ್ತು’ ಅಂದ್ರು.

ಮೇಷ್ಟ್ರು: ಒಳ್ಳೇದು.

ಸ್ಟುಟ್‌ಗಾರ್ಟ್ ಕನ್ನಡತಿ: ಸರ್, ಇದ್ದೀರಾ? ಅವಳಿಗೆ ಹೇಳಿದೆ. ‘ನನ್ನ ಮುತ್ತಜ್ಜಿ ತುರ್ಕಿ ಮಾತಾಡ್ತಿದ್ಲಾ?’ ಅಂತ ಮೂರು ಸಲ ಕೇಳಿದಳು. ಮನೆಗೆ ಫೋನ್ ಮಾಡಿ ನೋಡಿಸಿದ್ದಾಳೆ. ಕೊನೆಯ ಪುಟದಲ್ಲೂ ಪೆನ್ಸಿಲ್‌ನಲ್ಲಿ ಒಂದು ಸಾಲಿದೆ: ‘ಅಲ್ಲಾಹ್ ರಹ್‌ಮೆತ್ ಏಯ್ಲೆಸಿನ್’, ಒಂದು ಹೆಸರು, ‘ಸೆನೆ 1924’. ಕ್ರಿಶ್ಚಿಯನ್ ಪುಸ್ತಕದಲ್ಲಿ ಅಲ್ಲಾಹ್ ಅಂತ ಯಾಕಿದೆ ಅಂತ ಅವಳಿಗೆ ಗಾಬರಿ.

ಮೇಷ್ಟ್ರು: ಗಾಬರಿ ಬೇಡ ಅನ್ನಿ. ತುರ್ಕಿ ಆಡುವ ಕ್ರೈಸ್ತರಿಗೂ ದೇವರಿಗಿದ್ದ ಪದ ಅದೇ. ‘ದೇವರು ಕರುಣೆ ತೋರಲಿ’ ಅಂತ ಅರ್ಥ. ತೀರಿಕೊಂಡವರ ಬಗ್ಗೆ ಹೇಳುವ ಮಾತು. ಅದು ಯಾರ ಹೆಸರು?

ಸ್ಟುಟ್‌ಗಾರ್ಟ್ ಕನ್ನಡತಿ: ಗಂಡಸಿನ ಹೆಸರಂತೆ. ಮನೆಯಲ್ಲಿ ಯಾರೂ ಆ ಹೆಸರು ಕೇಳಿಯೇ ಇಲ್ಲವಂತೆ. ಫೋಟೊ ಕಳಿಸ್ತಿದ್ದೇನೆ.

ಕಾಲೇಜು ರೋಡ್: ಸರ್, ಅಲ್ಬೇನಿಯಾ ಬಗ್ಗೆ ಒಂದು ಡೌಟು.

ಮೇಷ್ಟ್ರು: ಫೋಟೊ ಮಸುಕಾಗಿದೆ ಅಮ್ಮಾ, ಹೆಸರಿನ ಮೇಲೆ ಬೆರಳಿನ ನೆರಳು ಬಿದ್ದಿದೆ. ಬೆಳಿಗ್ಗೆ ಕಿಟಕಿ ಪಕ್ಕ ಇಟ್ಟು ಇನ್ನೊಂದು ತೆಗೆಸಿ. ಪೆನ್ಸಿಲ್ ಬರಹ, ಕೈಯಿಂದ ಒರೆಸಬೇಡಿ ಅಂತ ಹೇಳಿ.