ಸಹಾಯ ಬೇಕು: ಈಗಷ್ಟೇ ಇನ್ಸರ್ಟ್ ಆದ ರೆಕಾರ್ಡ್‌ನ ಐಡಿ ತಗೊಳ್ಳೋದು (ಮೈಎಸ್‌ಕ್ಯೂಎಲ್)

ನಮಸ್ಕಾರ ಎಲ್ರಿಗೂ, ಚಿಕ್ಕಪೇಟೆಲಿ ಒಂದು ಸೀರೆ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡ್ಕೋತಿದೀನಿ, ಪಿಎಚ್‌ಪಿ ಮತ್ತೆ ಮೈಎಸ್‌ಕ್ಯೂಎಲ್ 8 ಡೇಟಾಬೇಸ್. ಬಿಲ್ ಒಂದು ಟೇಬಲ್‌ಗೆ, ಅದರಲ್ಲಿರೋ ಸೀರೆಗಳು ಇನ್ನೊಂದು ಟೇಬಲ್‌ಗೆ ಹೋಗ್ಬೇಕು, ಐಡಿ ಆಟೋ ಇನ್ಕ್ರಿಮೆಂಟ್ (ಡೇಟಾಬೇಸೇ ಮುಂದಿನ ನಂಬರ್ ಕೊಡತ್ತೆ), ಅಂದ್ರೆ ಬಿಲ್ ಇನ್ಸರ್ಟ್ ಆಗಿ ಅದರ ಐಡಿ ಕೈಗೆ ಸಿಕ್ಕಿದ್ರೇನೇ ಮುಂದಿನ ಕೆಲ್ಸ. ಮುಂಚೆ ಬರ್ದಿರೋ ಪುಣ್ಯಾತ್ಮರು ಸೆಲೆಕ್ಟ್ ಮ್ಯಾಕ್ಸ್ ಐಡಿ (ಟೇಬಲ್‌ನಲ್ಲಿರೋ ಅತಿ ದೊಡ್ಡ ಐಡಿ ತಗೊಳ್ಳೋದು) ಅಂತ ಹಾಕಿಟ್ಟಿದಾರೆ, ಮಾಮೂಲಿ ದಿನ ನಡ್ಯತ್ತೆ, ಆದ್ರೆ ವರಮಹಾಲಕ್ಷ್ಮಿ ಹಬ್ಬದ ರಶ್‌ನಲ್ಲಿ ಎರಡೂ ಕೌಂಟರ್‌ನವ್ರು ಒಟ್ಟಿಗೆ ಬಿಲ್ ಹೊಡೆದ್ರೆ ಇವರ ಸೀರೆ ಅವರ ಬಿಲ್ಲಲ್ಲಿ ಹೋಗಿ ಕೂರತ್ತೆ!

ಲಾಸ್ಟ್ ಇನ್ಸರ್ಟ್ ಐಡಿ, ಅಂದ್ರೆ ಕೊನೇ ಇನ್ಸರ್ಟ್‌ನಲ್ಲಿ ಹುಟ್ಟಿದ ಐಡಿ, ಪ್ರತಿ ಕನೆಕ್ಷನ್‌ಗೂ ಬೇರೆ, ಪಕ್ಕದ ಕೌಂಟರ್‌ನ ಇನ್ಸರ್ಟ್ ಅದನ್ನ ಮುಟ್ಟಲ್ಲ, ಅದಕ್ಕೇ ಪಿಡಿಓ (ಪಿಎಚ್‌ಪಿಯಿಂದ ಡೇಟಾಬೇಸ್ ಜೊತೆ ಮಾತಾಡೋ ಭಾಗ) ಕೊಡೋ ಲಾಸ್ಟ್ ಇನ್ಸರ್ಟ್ ಐಡಿಗೆ ಬದಲಾಯಿಸ್ತಿದೀನಿ, ಅಲ್ಲೀವರ್ಗೂ ಓಕೆ.

ಡೌಟ್ ಇರೋದು ಕಸ್ಟಮರ್ ಟೇಬಲ್‌ದು. ಮೊಬೈಲ್ ನಂಬರ್ ಯೂನಿಕ್ ಕೀ, ಇನ್ಸರ್ಟ್ ಜೊತೆ ಆನ್ ಡೂಪ್ಲಿಕೇಟ್ ಕೀ ಅಪ್ಡೇಟ್ (ಆ ನಂಬರ್ ಮೊದ್ಲೇ ಇದ್ರೆ ಹೊಸ ರೆಕಾರ್ಡ್ ಬದ್ಲು ಹಳೇದನ್ನೇ ಅಪ್ಡೇಟ್ ಮಾಡತ್ತೆ) ಹಾಕಿದೀನಿ. ಹೊಸಬರು ಬಂದ್ರೆ ಐಡಿ ಸರಿಯಾಗಿ ಬರತ್ತೆ, ಹಳೇ ಗಿರಾಕಿ ಆದ್ರೆ ಅವರ ಹಳೇ ಐಡಿನೇ ಬೇಕು. ಅಪ್ಡೇಟ್ ಭಾಗದಲ್ಲಿ ಐಡಿ ಕಾಲಮ್ಮನ್ನೇ ಲಾಸ್ಟ್ ಇನ್ಸರ್ಟ್ ಐಡಿ ಫಂಕ್ಷನ್ ಒಳಗೆ ಕೊಟ್ಟು ಅದಕ್ಕೇ ವಾಪಸ್ ಅಸೈನ್ ಮಾಡಿದ್ರೆ ಸಿಗತ್ತೆ ಅಂತಾರಲ್ಲ, ಬೇರೆ ಯಾವ ಕಾಲಮ್ಮೂ ಬದಲಾಗ್ದೇ ಇದ್ರೂ ಸಿಗತ್ತಾ? ಲೈವ್‌ನಲ್ಲಿ ಯಾರಾದ್ರೂ ಓಡಿಸಿದೀರಾ? ಇಲ್ಲ ಮೊಬೈಲ್ ನಂಬರ್ ಇಟ್ಕೊಂಡು ಇನ್ನೊಂದು ಸೆಲೆಕ್ಟ್ ಹೊಡೆಯೋದೇ ನೆಮ್ಮದಿನಾ?

ಪೋಸ್ಟ್‌ಗ್ರೆಸ್‌ಗೆ ಹೋಗಪ್ಪ, ಆ ಡೇಟಾಬೇಸ್‌ನಲ್ಲಿ ಇನ್ಸರ್ಟ್ ಜೊತೆಗೇ ಐಡಿ ವಾಪಸ್ ಕೊಡೋ ರಿಟರ್ನಿಂಗ್ ಇದೆ ಅನ್ನೋರಿಗೆ ದೊಡ್ಡ ನಮಸ್ಕಾರ, ಓನರ್ ಸರ್ವರ್ ಮುಟ್ಟೋಕೇ ಬಿಡಲ್ಲ. ಗೊತ್ತಿರೋರು ಸ್ವಲ್ಪ ಹೇಳಿ ಪ್ಲೀಸ್.