ಎಫ್ ಲಿವರ್ ಒತ್ತಿದ್ರೆ ಎ ಪೆಡಲ್ ಮೇಲಿಂದ ಕಾಲು ಜಾರುತ್ತೆ, ಲಿವರ್ ಜಾಗ ಬದಲಾಯಿಸ್ಬೇಕಾ? (ಪೆಡಲ್ ಸ್ಟೀಲ್ ಗಿಟಾರ್, ಇ9 ಶ್ರುತಿ, ಎಮನ್ಸ್ ಸೆಟಪ್, ಅಂದ್ರೆ ಪೆಡಲ್ ಕ್ರಮ ಎಡದಿಂದ ಎ-ಬಿ-ಸಿ)

ಹತ್ತುತಂತಿ:
ಎಲ್ಲರಿಗೂ ನಮಸ್ಕಾರ. ಲ್ಯಾಪ್ ಸ್ಟೀಲ್ ನುಡಿಸ್ತಿದ್ದವನು ಈಗ ಪೆಡಲ್ ಸ್ಟೀಲ್‌ಗೆ ಬಂದಿದೀನಿ (ಮಲಗಿಸಿಟ್ಟು ನುಡಿಸೋ ಗಿಟಾರು, ಕಾಲಲ್ಲಿ ಪೆಡಲ್ಲು, ಮಂಡಿಯಲ್ಲಿ ಲಿವರ್ರು ಒತ್ತಿ ತಂತಿಗಳ ಶ್ರುತಿ ಏರಿಸಿ ಇಳಿಸೋದು). ಸೆಕೆಂಡ್ ಹ್ಯಾಂಡ್ ಗಿಟಾರು, ಮೂರು ಪೆಡಲ್, ಐದು ಮಂಡಿ ಲಿವರ್. ಬಾರ್ (ತಂತಿ ಮೇಲೆ ಜಾರಿಸೋ ಉಕ್ಕಿನ ತುಂಡು) ಹಿಡಿಯೋದು, ಪಿಕಿಂಗು ಎಲ್ಲಾ ಹೇಗೋ ನಡೀತಿದೆ, ತಲೆ ಕೆಡಿಸಿರೋದು ಎಡಮಂಡಿ.

ಎಡಕ್ಕೆ ಒತ್ತೋ ಲಿವರ್ (ಅದೇ ಎಫ್ ಲಿವರ್, ಇ ತಂತಿಗಳನ್ನ ಎಫ್‌ಗೆ ಏರಿಸೋದು) ಸಿಕ್ಕಾಪಟ್ಟೆ ಬಿಗಿ. 3ನೇ ಫ್ರೆಟ್ಟಲ್ಲಿ ಜಿ ಕಾರ್ಡ್ ನುಡಿಸಿ 6ನೇ ಫ್ರೆಟ್ಟಿಗೆ ಹೋಗಿ ಎ ಪೆಡಲ್ ಜೊತೆ ಈ ಲಿವರ್ ಒತ್ತಿದ್ರೆ ಅದೇ ಜಿ ಮೇಲಿನ ಇನ್ವರ್ಶನ್ನಲ್ಲಿ (ಅದೇ ಸ್ವರಗಳು ಬೇರೆ ಕ್ರಮದಲ್ಲಿ) ಸಿಗ್ಬೇಕಲ್ವಾ, ನಾನು ಮಂಡಿನ ಎಡಕ್ಕೆ ನೂಕೋ ಹೊತ್ತಿಗೆ ಪಾದ ತಿರುಚಿಕೊಂಡು ಎ ಪೆಡಲ್ ಬಿಟ್ಟುಹೋಗುತ್ತೆ, ಇಲ್ಲಾಂದ್ರೆ ಬಿ ಪೆಡಲ್ಲೂ ಅರ್ಧ ಇಳಿದು ಕಾರ್ಡು ಹುಳಿ ಹುಳಿ. ಬಲಕ್ಕೆ ಒತ್ತೋ ಲಿವರ್ (ಇ ಯಿಂದ ಡಿ ಶಾರ್ಪ್) ಇದಕ್ಕೆ ಉಲ್ಟಾ, ಮಂಡಿ ಗಾಳೀಲಿ ಒಂದು ಪ್ರಯಾಣ ಮಾಡಿದ ಮೇಲೆ ಲಿವರ್ ತಾಗುತ್ತೆ. ಸಾಲದ್ದಕ್ಕೆ ಅದನ್ನ ಬಿಟ್ಟ ಮೇಲೆ 8ನೇ ತಂತಿ ಪೂರ್ತಿ ವಾಪಸ್ ಬರಲ್ಲ, ಸ್ವಲ್ಪ ಫ್ಲಾಟಾಗೇ ನಿಲ್ಲುತ್ತೆ. ಎರಡೂ ಲಿವರ್ ಬಿಚ್ಚಿ ಜಾಗ ಬದಲಾಯಿಸಿಬಿಡೋಣ ಅನ್ನಿಸ್ತಿದೆ. ಮಾಡ್ಬಹುದಾ?

ಢಮಾರ್_ಮೂರನೇತಂತಿ:
ಸ್ಪ್ಯಾನರ್ ಕೆಳಗಿಡಿ ಮೊದ್ಲು 😄 ನಿಮ್ಮ ಸೀಟ್ ಎಷ್ಟು ಎತ್ತರ ಇದೆ ನೋಡಿ. ಲಿವರ್ ಗಿಟಾರಿನ ಹೊಟ್ಟೆಯಡಿ ಒಂದು ಶಾಫ್ಟಿಂದ ನೇತಾಡ್ತಿರುತ್ತೆ, ನೀವು ಅದರ ಕೆಳತುದಿ ಹತ್ರ ಒತ್ತಿದ್ರೆ ಹಗುರ, ಮೇಲೆ ಶಾಫ್ಟ್ ಹತ್ರ ಒತ್ತಿದ್ರೆ ಬಂಡೆ. ಸೀಟ್ ಎತ್ತರ ಆದ್ರೆ ತೊಡೆ ಮೇಲಕ್ಕೆ ಬಂದು ಲಿವರ್‌ನ ಬುಡದಲ್ಲೇ ತಾಗುತ್ತೆ, ಆಮೇಲೆ ಎಷ್ಟು ಎಣ್ಣೆ ಬಿಟ್ರೂ ಬಿಗಿನೇ. ಹಾಗಂತ ತೀರಾ ಕೆಳಗೆ ಕೂರೋಕೂ ಆಗಲ್ಲ, ವಾಲ್ಯೂಮ್ ಪೆಡಲ್ ಮೇಲಿರೋ ಬಲಗಾಲು ಮುದುಡಿಕೊಳ್ಳುತ್ತೆ. ಅಂಥ ಕಡೆ ಸೀಟ್ ಬಿಟ್ಟು ಗಿಟಾರಿನ ಕಾಲುಗಳನ್ನೇ ಸ್ವಲ್ಪ ಎಳೆದು ಎತ್ತರಿಸಿ, ಆದ್ರೆ ಎತ್ತರಿಸಿದಷ್ಟೂ ಪೆಡಲ್ ರಾಡುಗಳು (ಪೆಡಲ್ಲಿಂದ ಗಿಟಾರಿಗೆ ಹೋಗೋ ಕಡ್ಡಿಗಳು) ಉದ್ದ ಸಾಲದೆ ಪೆಡಲ್ ಮೇಲೆದ್ದು ನಿಲ್ಲುತ್ತೆ, ಅದನ್ನೂ ಸರಿಮಾಡ್ಕೋಬೇಕು.

ಇನ್ನು ಪಾದದ ವಿಷಯ. ನೀವು ಸೊಂಟದಿಂದ ಇಡೀ ಕಾಲನ್ನ ಎಡಕ್ಕೆ ಎಳೀತಿದೀರಿ ಅಂತ ನನ್ನ ಅನುಮಾನ. ಹಿಮ್ಮಡಿ ನೆಲದಲ್ಲೇ ಊರಿರ್ಬೇಕು, ಕಾಲ್ಗಿಣ್ಣು ಎಡಕ್ಕೆ ವಾಲಿದ್ರೆ ಪಾದದ ಎಡ ಅಂಚು ಎ ಪೆಡಲ್ ಮೇಲೆ ಕೂರುತ್ತೆ, ಬಲ ಅಂಚು ತಾನಾಗೇ ಬಿ ಪೆಡಲ್ ಬಿಟ್ಟು ಏಳುತ್ತೆ, ಮಂಡಿ ಅದೇ ಹೊತ್ತಿಗೆ ಎಡಕ್ಕೆ ಹೋಗುತ್ತೆ. ಮೂರೂ ಒಂದೇ ಚಲನೆ. ಎಮನ್ಸ್ ಸೆಟಪ್ಪಲ್ಲಿ ಎಫ್ ಲಿವರ್ ಎಡಕ್ಕಿರೋದೇ ಇದಕ್ಕೆ. ಜಾಗ ಅದಲುಬದಲು ಮಾಡಿದ್ರೆ ಎ ಪೆಡಲ್ ಒತ್ತೋಕೆ ಪಾದ ಎಡಕ್ಕೆ, ಲಿವರ್‌ಗೆ ಮಂಡಿ ಬಲಕ್ಕೆ, ಕಾಲು ಜಡೆ ಹೆಣೆದಂಗೆ ಆಗುತ್ತೆ. ದಯವಿಟ್ಟು ಬೇಡ.

ದಪ್ಪ ಸೋಲಿನ ಶೂ ಇದ್ರೆ ಬಿಚ್ಚಿಟ್ಟು ತೆಳ್ಳಗಿನದು ಹಾಕ್ಕೊಂಡು ಒಂದ್ಸಲ ನೋಡಿ, ಪೆಡಲ್ ಅಂಚು ಪಾದಕ್ಕೆ ಗೊತ್ತಾಗ್ಬೇಕು.

ವಾಲ್ಯೂಮ್‌ಪೆಡಲ್:
ಮೇಲಿನವರು ಹೇಳಿದ್ದು ಸರಿ, ಆದ್ರೆ ಒಂದು ಮಾತು. ಪೆಡಲ್ ಸ್ಟೀಲ್ ವಾದಕ ಜಿಮ್ಮಿ ಡೇ ಹೆಸರಲ್ಲಿರೋ ಸೆಟಪ್ಪಲ್ಲಿ ಪೆಡಲ್ ಕ್ರಮ ಸಿ-ಬಿ-ಎ, ಅಂದ್ರೆ ಎ ಪೆಡಲ್ ಬಲಗಡೆ, ಅದಕ್ಕೆ ಎಫ್ ಲಿವರ್ರೂ ಬಲಕ್ಕೆ ಒತ್ತೋದು. ನಿಮ್ಮ ಕಾಲಿಗೆ ನಿಜವಾಗ್ಲೂ ಬಲಕ್ಕೆ ವಾಲೋದೇ ಹಿತ ಅನ್ನಿಸಿದ್ರೆ ಪೆಡಲ್ಲು ಲಿವರ್ರು ಎರಡನ್ನೂ ತಿರುಗಿಸ್ಬೇಕು, ಒಂದನ್ನ ಮಾತ್ರ ಅಲ್ಲ. ಇನ್ನು ಕೆಲವರು ಇ ಇಳಿಸೋದನ್ನ ಬಲಮಂಡಿಗೆ ಕೊಟ್ಬಿಡ್ತಾರೆ. ನಾನೂ ಹಾಗೇ ಇಟ್ಕೊಂಡಿದೀನಿ, ಎಫ್‌ನಿಂದ ಡಿ ಶಾರ್ಪ್‌ಗೆ ಹೋಗ್ವಾಗ ಒಂದೇ ಮಂಡಿ ಆ ಕಡೆ ಈ ಕಡೆ ಓಡಾಡೋದು ತಪ್ಪುತ್ತೆ. ಆದ್ರೆ ಬೇರೆಯವರ ಗಿಟಾರ್ ಮುಂದೆ ಕೂತ್ರೆ ಪೆದ್ದನಂಗೆ ಆಗುತ್ತೆ, ಅದು ಗೊತ್ತಿರ್ಲಿ. ಹೊಸಬರಿಗೆ ನಾನು ಹೇಳಲ್ಲ.

ಬಲಕ್ಕೆ ಒತ್ತೋ ಲಿವರ್ ದೂರ ಇರೋದಕ್ಕೆ ಸುಲಭದ ದಾರಿ ಇದೆ. ಮಂಡಿ ತಾಗೋ ಕಡೆಗೆ ದಪ್ಪನೆ ಲೆದರ್ ಅಥವಾ ಫೋಮ್ ಪ್ಯಾಡ್ ಅಂಟಿಸಿ, ಗಾಳಿ ಪ್ರಯಾಣ ಮುಗೀತು. ಮಧ್ಯದ ಜಾಗ ತೀರಾ ಇಕ್ಕಟ್ಟು ಮಾಡ್ಬೇಡಿ, ಸುಮ್ನೆ ಕೂತಾಗ ಎರಡೂ ಕಡೆ ಒಂದಿಷ್ಟು ಬಿಡುವು ಇರ್ಲಿ. ಇಲ್ಲಾಂದ್ರೆ ಎ-ಬಿ ಪೆಡಲ್ ಒತ್ತುವಾಗಲೇ ಮಂಡಿ ಅಲುಗಿ ಇ ತಂತಿ ಎಳೆದಾಡುತ್ತೆ.

ರಾಡ್‌ಬಿಚ್ಚೋನು:
8ನೇ ತಂತಿ ವಿಷಯಕ್ಕೆ ಯಾರೂ ಬರ್ಲಿಲ್ಲ, ನಾನು ಬರ್ತೀನಿ. ಗಿಟಾರ್ ಆಲ್-ಪುಲ್ (ಏರಿಸೋದು ಇಳಿಸೋದು ಎಲ್ಲಾ ರಾಡ್ ಎಳೆದೇ ಆಗೋದು) ಅಂತ ಅಂದ್ಕೊಂಡು ಹೇಳ್ತಿದೀನಿ, ಹಳೇ ಪುಶ್-ಪುಲ್ (ಎಳೆಯೋದು ತಳ್ಳೋದು ಎರಡೂ ಇರೋದು) ಆದ್ರೆ ಅದರ ಟ್ಯೂನಿಂಗ್ ಲೆಕ್ಕನೇ ಬೇರೆ, ಇದ್ಯಾವುದನ್ನೂ ಮಾಡ್ಬೇಡಿ.

ಇಳಿಸಿ ಬಿಟ್ಟ ಮೇಲೆ ಫ್ಲಾಟಾಗಿ ನಿಲ್ತಿದೆ ಅಂದ್ರೆ ಎರಡರಲ್ಲಿ ಒಂದು. ಗಿಟಾರಿನ ಬಲತುದಿ ಪ್ಲೇಟಲ್ಲಿ ತಂತಿ ಎಳೆಯೋ ರಾಡುಗಳ ತುದಿಗೆ ನೈಲಾನ್ ನಟ್ಟುಗಳಿವೆಯಲ್ಲ, 8ನೇ ತಂತಿ ಇಳಿಸೋ ನಟ್ಟನ್ನ ಸ್ವಲ್ಪ ಸಡಿಲಿಸಿ ಟ್ಯೂನರ್ ನೋಡಿ. ಲಿವರ್ ಮುಟ್ಟದೇ ಇದ್ರೂ ಶ್ರುತಿ ಮೇಲೇರಿದ್ರೆ ಆ ರಾಡೇ ತಂತಿನ ಹಿಡ್ಕೊಂಡಿತ್ತು ಅಂತ ಅರ್ಥ. ರಾಡಿಗೆ ಯಾವಾಗ್ಲೂ ಕೂದಲೆಳೆಯಷ್ಟು ಸಡಿಲ ಬೇಕೇಬೇಕು. ಸಡಿಲಿಸಿದ ಮೇಲೆ ಡಿ ಶಾರ್ಪ್ ತನಕ ಇಳೀತಿಲ್ಲ ಅಂದ್ರೆ ನಟ್ ತಿರುಗಿಸ್ಬೇಡಿ, ಲಿವರ್‌ನ ಸ್ಟಾಪ್ ಸ್ಕ್ರೂ ಬಿಟ್ಟು ಅದು ಇನ್ನೊಂಚೂರು ದೂರ ಹೋಗೋ ಹಾಗೆ ಮಾಡಿ.

ಶ್ರುತಿ ಏರ್ಲಿಲ್ಲ ಅಂದ್ರೆ ರಿಟರ್ನ್ ಸ್ಪ್ರಿಂಗ್ ಸೋತಿದೆ. ಎಫ್ ಲಿವರ್ ಒತ್ತಿ ಹಿಡ್ಕೊಂಡು ಚೇಂಜರ್ (ಬಲತುದೀಲಿ ತಂತಿ ಏರಿಸಿ ಇಳಿಸೋ ಭಾಗ) ಕಡೆ ಬಗ್ಗಿ ನೋಡಿ, 8ನೇ ತಂತಿದು ಇಳಿಸೋ ಫಿಂಗರ್ (ಆ ತಂತಿನ ಅಲುಗಿಸೋ ಲೋಹದ ತುಂಡು) ಇದೆಯಲ್ಲ, ಅದು ತನ್ನ ಸ್ಟಾಪ್ ಬಿಟ್ಟು ಅಲುಗಬಾರದು. ಅಲುಗಿದ್ರೆ ಸ್ಪ್ರಿಂಗ್ ಬಿಗಿ ಮಾಡಿ, ಅಲುಗೋದು ನಿಂತ ಕ್ಷಣ ನಿಲ್ಲಿಸಿ. ಜಾಸ್ತಿ ಬಿಗಿ ಮಾಡಿದ್ರೆ ಇಳಿಸೋ ಲಿವರ್ ಸುಮ್ನೆ ಭಾರ ಆಗುತ್ತೆ.

ಬಿಗಿ ಲಿವರ್‌ಗೆ ಸೀಟ್ ಸರಿಮಾಡಿದ ಮೇಲೂ ಸಮಾಧಾನ ಆಗದಿದ್ರೆ ಗಿಟಾರ್ ಮಗುಚಿ ಬೆಲ್‌ಕ್ರ್ಯಾಂಕ್ (ಶಾಫ್ಟ್ ಮೇಲಿರೋ, ರಾಡ್ ಸಿಕ್ಕಿಸೋ ಸ್ಲಾಟುಗಳಿರೋ ತುಂಡು) ನೋಡಿ. ರಾಡನ್ನ ಶಾಫ್ಟ್‌ಗೆ ಹತ್ತಿರದ ಸ್ಲಾಟಿಗೆ ಹಾಕಿದ್ರೆ ಹಗುರ, ಆದ್ರೆ ಮಂಡಿ ಜಾಸ್ತಿ ದೂರ ಹೋಗ್ಬೇಕು. ದೂರದ ಸ್ಲಾಟಿಗೆ ಹಾಕಿದ್ರೆ ಚಿಟಿಕೆಯಷ್ಟರಲ್ಲಿ ಸ್ವರ ಬರುತ್ತೆ, ಭಾರ ಜಾಸ್ತಿ. ಹಗುರಾನೂ ಬೇಕು ಗಿಡ್ಡ ಚಲನೆನೂ ಬೇಕು ಅಂದ್ರೆ ಯಾವ ಮೆಕ್ಯಾನಿಕ್ಕೂ ಕೊಡಲ್ಲ. 4ನೇ ತಂತಿ ಸಣ್ಣ ಪ್ಲೇನ್ ತಂತಿ, 8ನೇದು ಸುತ್ತಿದ್ದು, ಎರಡಕ್ಕೂ ಬೇಕಾದ ಎಳೆತ ಒಂದೇ ಅಲ್ಲ. ಎರಡೂ ಒಟ್ಟಿಗೆ ಹೊರಟು ಒಟ್ಟಿಗೆ ಎಫ್ ತಲುಪೋ ಹಾಗೆ ಸ್ಲಾಟ್ ಆರಿಸಿ. ಲಿವರ್‌ನ ತುಂಬಾ ನಿಧಾನಕ್ಕೆ ಒತ್ತುತ್ತಾ ಎರಡೂ ತಂತಿ ಮೀಟಿದ್ರೆ ಯಾವುದು ತಡ ಅಂತ ಕಿವಿಗೇ ಗೊತ್ತಾಗುತ್ತೆ.

ಹತ್ತುತಂತಿ:
ಸೀಟ್ ಇಳಿಸಿದೆ, ಅರ್ಧ ಜಗಳ ಅಲ್ಲೇ ಮುಗೀತು. ಹಿಮ್ಮಡಿ ಊರಿ ವಾಲೋದು ಇನ್ನೂ ಅಭ್ಯಾಸ ಆಗ್ಬೇಕು, ಆದ್ರೆ ಎ ಪೆಡಲ್ ಈಗ ಜಾರ್ತಿಲ್ಲ. 8ನೇ ತಂತಿ ನಟ್ ಸಡಿಲಿಸಿದ ತಕ್ಷಣ ಶ್ರುತಿ ಮೇಲೇರ್ತು, ರಾಡ್‌ಬಿಚ್ಚೋನು ಸಾರ್ ಹೇಳಿದ ಹಾಗೇ. ಸ್ಪ್ರಿಂಗ್ ಮುಟ್ಟಲೇ ಇಲ್ಲ. ಪ್ಯಾಡ್‌ಗೆ ಹಳೇ ಬೆಲ್ಟ್ ಕತ್ತರಿಸಿದೀನಿ.

ಇನ್ನೊಂದು ಡೌಟು. ಬಲಮಂಡಿ ಬಲಕ್ಕೆ ಒತ್ತಿದ್ರೆ 2ನೇ ತಂತಿ ಡಿ ಶಾರ್ಪ್‌ನಿಂದ ಸೀದಾ ಸಿ ಶಾರ್ಪ್‌ಗೆ ಹೋಗುತ್ತೆ, ನಡುವೆ ಡಿ ಹತ್ರ ನಿಲ್ಸೋಕೆ ಹೋದ್ರೆ ಪ್ರತಿ ಸಲ ಬೇರೆ ಕಡೆ ನಿಲ್ಲುತ್ತೆ. ಇದೂ ಅಭ್ಯಾಸದ್ದೇನಾ?

ರಾಡ್‌ಬಿಚ್ಚೋನು:
ಅಭ್ಯಾಸ ಅಲ್ಲ, ಸೆಟಪ್ಪು. ಅದೇ ಲಿವರ್ 9ನೇ ತಂತಿನೂ ಡಿ ಯಿಂದ ಸಿ ಶಾರ್ಪ್‌ಗೆ ಇಳಿಸುತ್ತಲ್ಲ, ಅದನ್ನೇ ಬಳಸ್ಕೊಳ್ಳಿ. 2ನೇ ತಂತಿ ಡಿ ಮುಟ್ಟಿದ ಜಾಗದಲ್ಲೇ 9ನೇದರ ಎಳೆತ ಶುರು ಆಗೋ ಹಾಗೆ ಹೊಂದಿಸಿದ್ರೆ ಮಂಡಿಗೆ ಅಲ್ಲೊಂದು ತಡೆ ಸಿಗುತ್ತೆ. ಅದಕ್ಕೆ 9ನೇ ತಂತಿ ರಾಡನ್ನ ಶಾಫ್ಟಿಂದ ದೂರದ ಸ್ಲಾಟಿಗೆ ಹಾಕಿ, ತಡವಾಗಿ ಹೊರಟು ಬೇಗ ತಲುಪುತ್ತೆ. ತಡೆ ಸಾಲ್ದು ಅನ್ನಿಸಿದ್ರೆ ಅದರ ರಿಟರ್ನ್ ಸ್ಪ್ರಿಂಗ್ ಒಂದಿಷ್ಟು ಬಿಗಿ ಮಾಡಿ.

ಢಮಾರ್_ಮೂರನೇತಂತಿ:
ಗಿಟಾರ್ ಮಗುಚೋ ಮುಂಚೆ ಕೆಳಗಡೆ ಒಂದು ಫೋಟೋ ತೆಗೆದಿಟ್ಕೊಳ್ಳಿ, ಯಾವ ರಾಡ್ ಯಾವ ಸ್ಲಾಟಲ್ಲಿತ್ತು ಅಂತ ಆಮೇಲೆ ಯಾರಿಗೂ ನೆನಪಿರಲ್ಲ.