ಸಹಾಯ ಬೇಕು: ಅಂಗಡಿ ಒಳಗೆ ಆಕಾಶವಾಣಿ ಕ್ಲಿಯರ್ ಬರ್ಲಿಕ್ಕೆ ಎಂತ ಮಾಡ್ಬೇಕು?

ನಮಸ್ಕಾರ, ಉಡುಪಿ ಕಲ್ಯಾಣಪುರದ ಹತ್ರ ನಮ್ದೊಂದು ಸಣ್ಣ ಟೈಲರಿಂಗ್ ಅಂಗಡಿ ಉಂಟು, ಬೆಳಿಗ್ಗೆಯಿಂದ ರಾತ್ರಿವರೆಗೆ ಮಿಷನ್ ಪಕ್ಕ ರೇಡಿಯೋ ಇರ್ಲೇಬೇಕು. ಆದ್ರೆ ಈ ಪ್ರೈವೇಟ್ ಎಫ್‌ಎಂ ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೇ, ನಿನ್ನೆ ಒಂದು ಅಂಗಿಗೆ ಕಾಲರ್ ಕೂರಿಸಿ ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಒಂದೇ ಹಾಡು ಎರಡು ಸಲ ಬಂತು, ಅದೂ ಕೊನೇ ಚರಣ ಮುಗಿಯುವ ಮೊದ್ಲೇ ಕಟ್ ಮಾಡಿ ಜಾಹೀರಾತು. ಕೊಳಲು ಬರುವ ಜಾಗದಲ್ಲಿ ಆರ್‌ಜೆ ಮಾತಾಡ್ತಾರೆ, ನಂಗೆ ನಿಜವಾಗ್ಲೂ ಹೊಟ್ಟೆ ಉರೀತದೆ. ಭಾವಗೀತೆ, ತುಳು ಹಾಡು, ಭಾಗವತಿಕೆ ಇದೆಲ್ಲ ಕೇಳುವವರು ನಾವು ಇಲ್ವಾ?

ಮಂಗಳೂರು ಆಕಾಶವಾಣಿ 100.3 ನಂಗೆ ಬೇಕಾದದ್ದು, 1976ರಿಂದ ಇರುವ ಸ್ಟೇಷನ್, ಜಗಲಿಗೆ ತಂದ್ರೆ ಕ್ಲಿಯರ್ ಬರ್ತದೆ, ಒಳಗೆ ಸ್ಲ್ಯಾಬ್ ಕೆಳಗೆ ಇಟ್ರೆ ಬರೀ ಗರಗರ. 75 ಸೆಂಟಿಮೀಟರ್ ವಯರ್ ಆಂಟೆನಾಕ್ಕೆ ಸಿಕ್ಕಿಸಿ ಕಿಟಕಿ ಹೊರಗೆ ನೇರ ನಿಲ್ಲಿಸಿದೆ (ಆ ಫ್ರೀಕ್ವೆನ್ಸಿಗೆ ಅದೇ ಅಳತೆ, ರೇಡಿಯೋ ಅಲೆಯ ಉದ್ದದ ಕಾಲು ಭಾಗ), ಸ್ವಲ್ಪ ಸುಧಾರಿಸಿತು, ಆದ್ರೆ ಮಿಷನ್ ಮೋಟರ್ ಶುರುವಾದ ಕೂಡ್ಲೇ ಮತ್ತೆ ಗರಗರ. ಮಣಿಪಾಲದ 90.4 ಸಹ ಹಾಗೇ. ಮೊಬೈಲಲ್ಲಿ ಕೇಳಿ ಅಂತ ಹೇಳ್ಬೇಡಿ, ಗಿರಾಕಿಗಳ ಫೋನ್ ಬಂದಾಗೆಲ್ಲ ಹಾಡು ನಿಲ್ತದೆ.

ಮಾಡಿನ ಮೇಲೆ ಎಫ್‌ಎಂ ಆಂಟೆನಾ ಹಾಕಿಸಿದವರು ಯಾರಾದ್ರೂ ಇದ್ದೀರಾ, ಎಷ್ಟು ಖರ್ಚಾಯ್ತು, ಉಡುಪಿಯಲ್ಲಿ ಹಳೇ ರೇಡಿಯೋ ರಿಪೇರಿಯವರು ಈಗ್ಲೂ ಎಲ್ಲಿ ಸಿಗ್ತಾರೆ? ಮೋಟರಿನ ಗರಗರಕ್ಕೆ ಉಪಾಯ ಗೊತ್ತಿದ್ರೆ ಮೊದ್ಲು ಅದನ್ನೇ ಹೇಳಿ.